ಹೆಂಡತಿಯ ಜೊತೆ ದಿನಾ ಅರ್ಧ ತಾಸು

ನಮ್ಮ ಸೋದರಮಾವ ಐವತ್ತೆಂಟನೇ ವಯಸ್ಸಿನಲ್ಲಿ ಒಂದು ಲಫಡಾ ಹಚ್ಚಿಕೊಂಡಿದ್ದಾರೆ! ಗಾಬರಿಯಾಗಬೇಡಿ, ಸ್ವಂತ ಹೆಂಡತಿಯ ಜೊತೆಗೇ.

ಮಾವ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ. ಎರಡು ವರ್ಷದಿಂದ ಅವರದೊಂದು ಕೋಣೆ, ಅತ್ತೆಯದೊಂದು ಕೋಣೆ. "ಮೈಯಾಗ ಉಮೇದಿನ ಇಲ್ಲಪಾ. ಆದ್ರ ಇಕಿ ದೂರ ಆಗ್ಯಾಳಂತ ಜೀವಾ ಚುರ್ ಅಂತೈತಿ" ಎಂದು ಒಂದು ದಿನ ನನ್ನೆದುರು ಬಾಯಿಬಿಟ್ಟರು. ಎರಡು ಮಕ್ಕಳ ತಂದೆಯಾದ ನಾನೇ ನಾಚಿಕೊಂಡೆ!

ಊರಲ್ಲಿ ಗೊತ್ತಾದೀತೆಂದು ಹಾವೇರಿಯ ಡಾಕ್ಟರ ಹತ್ತಿರ ಹೋದೆವು. ಅಲ್ಲಿ ನೋಡಿದರೆ ಬೆಂಚಿನ ಮೇಲೆ ಬ್ಯಾಡಗಿಯ ದಲಾಲಿಗಳೇ ನಾಲ್ವರು! ನಾಲ್ವರೂ ಒಟ್ಟಿಗೇ "ಮೊಣಕಾಲ ನೋವ್ರೀ" ಎಂದರು. ಮಾವನೂ ಕುಂಟುತ್ತಲೇ ಹೋಗಿ ಕುಳಿತರು.

ಡಾಕ್ಟರು ಚೀಟಿ ಬರೆದರು. "ಗುಳಿಗಿ ಬ್ಯಾಡ್ರಿ. ಗುಟ್ಕಾ ಬಿಡ್ರಿ, ವ್ಯಾಳ್ಯಾಕ್ಕ ಮಲಗ್ರಿ, ಹೆಂಡ್ತಿ ಜೋಡಿ ನಾಕ್ ಮಾತಾಡ್ರಿ, ದಿನಾ ಅರ್ಧಾ ತಾಸ ಇಬ್ಬರೂ ಕೂಡಿ ನಡೀರಿ."

ಗುಟ್ಕಾ ಬಿಟ್ಟ ವಾರ ಮಾವ ಕಂಡಕಂಡವರ ಮೇಲೆ ಹರಿಹಾಯ್ದರು. ಮಾತಾಡುವುದು ಇನ್ನೂ ಕಷ್ಟ! ಸಂಜೆ ಅತ್ತೆಯ ಎದುರು ಕುಳಿತು, "ಇವತ್ತ ಪೇಟಿಗೆ ಬಂದ ಕಾಯಿ ಏನ ಬಣ್ಣ ಅಂತಿ!" ಎಂದರು.

"ಕಣ್ಣ ಮುಚ್ರಿ. ನಾ ಉಟ್ಟ ಸೀರಿ ಬಣ್ಣ ಹೇಳ್ರಿ ನೋಡೋಣು."

"ಕೆಂಪ."

ಸೀರೆ ಹಸಿರು!

ಶನಿವಾರ ಮಾವ ಕದರಮಂಡಲಗಿ ಹನುಮಪ್ಪನ ಗುಡಿಗೆ ನಡೆದೇ ಹೋಗೋಣವೆಂದರು. ಚೀಟಿಯನ್ನು ಎಂದೋ ಓದಿದ್ದ ಅತ್ತೆ ಸೆರಗು ಬಾಯಿಗಿಟ್ಟು ನಕ್ಕರು. "ಅವಾ ಬ್ರಹ್ಮಚಾರಿ! ಅವನ ಹಂತೇಲಿ ಇದನ್ನ ಕೇಳಾಕ ಹೊಂಟೀರೇನು?"

ಆದರೂ ಹೊರಟರು, ಹಣ್ಣುಕಾಯಿ ಹೊರಲು ನಾನು. ನಮ್ಮ ಕಡೆ ಗಂಡ ಮುಂದೆ, ಹೆಂಡತಿ ಹಿಂದೆ ನಡೆಯುವುದು ರೂಢಿ. ಮಾವ ಪೇಟೆಯ ಹರಾಜಿಗೆ ತಡವಾದವರ ಹಾಗೆ ದೌಡಾಯಿಸಿದರು. ಅರ್ಧ ದಾರಿಯಲ್ಲಿ ಅತ್ತೆ ಮೋರಿಕಟ್ಟೆಯ ಮೇಲೆ ಕುಳಿತೇಬಿಟ್ಟರು. ಮಾವನಿಗೆ ಇದು ಗೊತ್ತಾಗಿದ್ದು ಒಂದು ಫರ್ಲಾಂಗು ದಾಟಿದ ಮೇಲೆ. ಏದುಸಿರು ಬಿಡುತ್ತಾ ಓಡಿ ಬಂದರು.

"ಕಾಲ ನೋವಾತೇನ?"

"ಇಲ್ರಿ. ಮೂವತ್ತ ವರ್ಷ ನಿಮ್ಮ ಬೆನ್ನ ನೋಡ್ಕೋಂತ ನಡದೀನಿ. ಒಮ್ಮೆ ಮಾರಿ ನೋಡ್ಬೇಕಂತ ಕುಂತೆ."

ಮಾವ ಪೆಚ್ಚಾದರು. ಆಮೇಲೆ ಪಕ್ಕದಲ್ಲೇ ಕುಳಿತರು. ಪರಿಚಯದವರೊಬ್ಬರು ಬೈಕಿನಲ್ಲಿ ಹಾರ್ನ್ ಹೊಡೆಯುತ್ತಾ ಹೋದರು. ಆದರೂ ಮಾವ ಹಾಡಹಗಲೇ, ನಡುದಾರಿಯಲ್ಲೇ, ಅತ್ತೆಯ ಕೈ ಹಿಡಿದರು. ನಾನು ಹಣ್ಣುಕಾಯಿಯ ಚೀಲದಲ್ಲಿ ಏನೋ ಹುಡುಕುವವನಂತೆ ತಲೆ ಬಗ್ಗಿಸಿದೆ.

"ನೀ ಮುಂದ ಹೋಗಪಾ," ಎಂದರು ಮಾವ ನನ್ನತ್ತ ನೋಡದೆಯೇ. "ನಾವಿಬ್ಬರೂ ಸಾವಕಾಶ ಬರ್ತೇವಿ."