ನೆಟ್ ಬರವಲ್ದ್ರಿ!

ಯಾದಗಿರಿ, ಶಹಾಪುರ, ಸುರಪುರದ ಮನೆಗಳಿಗೆ ಇಂಟರ್ನೆಟ್ ವೈರು ಎಳೆಯುವುದು, ಕೆಟ್ಟರೆ ಹೋಗಿ ಸರಿ ಮಾಡುವುದು ನನ್ನ ಕೆಲಸ. "ನೆಟ್ ಬರವಲ್ದ್ರಿ" ಅನ್ನುವ ಮಾತನ್ನು ನಾನು ಕೇಳಿದಷ್ಟು ಸಲ ನನ್ನ ಹೆಸರನ್ನೂ ಕೇಳಿಲ್ಲ. ಒಂದು ಮನೆಯಲ್ಲಿ ನಕ್ಕು ಹೊರಗೆ ಬಂದು ಗಾಡಿ ಚಾಲೂ ಮಾಡುವಷ್ಟರಲ್ಲಿ ಇನ್ನೊಂದು ಮನೆಯಿಂದ ಫೋನು. ಮಷಿನ್ನಿನ ದೋಷ ಬಹಳ ಸಲ ಎರಡು ನಿಮಿಷದ್ದು. ಉಳಿದ ಹೊತ್ತೆಲ್ಲ ಆ ಮನೆಯವರ ಚಹಾಕ್ಕೆ, ಅವರ ಮಾತಿಗೆ.

೧. ತೆಗೆದು ಹಾಕ್ರಿ

ಯಾದಗಿರಿಯಲ್ಲಿ ಕೋಟೆ ಬುಡದ ಓಣಿಯಲ್ಲಿ ಒಬ್ಬರು ನಿವೃತ್ತ ಗುಮಾಸ್ತರಿದ್ದಾರೆ. ನೌಕರಿ ಇರುವತನಕ ಮೇಲಿನವರು ಹೇಳಿದ್ದನ್ನು ಒಂದಕ್ಷರ ಬಿಡದೆ ಮಾಡಿದವರು. ಒಂದು ಬೆಳಿಗ್ಗೆ ನಾನು ಕಂಬದ ಮೇಲಿದ್ದಾಗ ಅವರ ಫೋನು ಬಂತು.

"ನೆಟ್ಟಿನ ಡಬ್ಬಿಯಾಗ ಕೆಂಪು ದೀಪ ಹತ್ತ್ಯಾದ. ಏನ್ ಮಾಡ್ಲಿ?"

"ಡಬ್ಬಿ ಹಿಂದ ಹಳದಿ ವೈರ್ ಅದ ನೋಡ್ರಿ. ಅದನ್ನ ತೆಗೆದು ಹಾಕ್ರಿ."

"ತೆಗೆದು ಹಾಕ್ಲಿ?"

"ಹೂಂ, ತೆಗೆದು ಹಾಕ್ರಿ."

ಸ್ವಲ್ಪ ಹೊತ್ತು ಬಿಟ್ಟು, "ಹಾಕಿದೆ. ಕೆಂಪು ದೀಪ ಹಂಗೇ ಅದಲ್ಲ?" ಅಂದರು.

"ಹಂಗಾದ್ರ ಕರೀ ವೈರೂ ಒಮ್ಮೆ ತೆಗೆದು ಹಾಕ್ರಿ."

ಮತ್ತೆ ಸ್ವಲ್ಪ ಹೊತ್ತು. ಈ ಸಲ ದನಿಯಲ್ಲಿ ಸಮಾಧಾನವಿತ್ತು. "ನೀವು ಹೇಳಿದ್ದು ಖರೇ. ಕೆಂಪು ದೀಪ ಹೋತು ನೋಡ್ರಿ."

"ಹಸಿರು ಬಂತೇನ್ರಿ?"

"ಯಾವ್ದೂ ಇಲ್ಲ."

ಕಂಬದಿಂದ ಇಳಿದು ಸೀದಾ ಅವರ ಮನೆಗೇ ಹೋದೆ. ಡಬ್ಬಿ ಮೇಜಿನ ಮೇಲೆ ಒಂದೇ ಒಂದು ವೈರೂ ಇಲ್ಲದೆ ಕೂತಿತ್ತು. "ವೈರ್ ಎಲ್ಲಿ ಇಟ್ಟೀರಿ?" ಅಂದೆ. ಅವರು ಅಟ್ಟದ ಕಡೆ ಕೈ ತೋರಿಸಿದರು. ಹತ್ತಿ ನೋಡಿದರೆ ಎರಡೂ ವೈರುಗಳನ್ನು ಅಚ್ಚುಕಟ್ಟಾಗಿ ಸುತ್ತಿ, ದಾರ ಕಟ್ಟಿ, ಒಂದು ಚೀಟಿ ಅಂಟಿಸಿಟ್ಟಿದ್ದರು. ಕೆಳಗೆ ತಾರೀಖು, ಸಹಿ. ಮೇಲೆ ದುಂಡಗಿನ ಅಕ್ಷರದಲ್ಲಿ: "ರಿಪೇರಿಯವರ ಮೌಖಿಕ ಆದೇಶದ ಮೇರೆಗೆ ತೆಗೆದು ಹಾಕಲಾಗಿದೆ."

೨. ಬಾಣಂತನ

ಸುರಪುರದಲ್ಲಿ ಒಬ್ಬರು ಬಸ್ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಅವರಿಗೆ ಕಬಡ್ಡಿ ಅಂದರೆ ಜೀವ. ಕಂಪ್ಯೂಟರಿನಲ್ಲಿ ಪಂದ್ಯ ನೋಡುತ್ತಾ ಕುರ್ಚಿಯಲ್ಲಿ ಕೂತೇ ತೊಡೆ ತಟ್ಟುವ ಮನುಷ್ಯ. "ಇವತ್ತು ಫೈನಲ್ ಅದರಿ, ಲಗೂನ ಬರ್ರಿ" ಅಂತ ಫೋನು ಮಾಡಿದರು.

ಅವರ ಮನೆಯ ಹೊರಗೋಡೆಯ ಮೇಲೆ ವೈರುಗಳು ಕೂಡುವ ನಮ್ಮದೊಂದು ಪೆಟ್ಟಿಗೆ ಇದೆ. ಅದರ ಮುಚ್ಚಳ ಒಡೆದು ಬಹಳ ದಿನವಾಗಿತ್ತು. ನಿಚ್ಚಣಿಕೆ ಇಟ್ಟು ಎರಡು ಮೆಟ್ಟಿಲು ಹತ್ತಿದ್ದೆ, ಒಳಗಿನಿಂದ ಅವರ ಹೆಂಡತಿ ರೊಟ್ಟಿ ಬಡಿಯುತ್ತಿದ್ದ ಹಿಟ್ಟಿನ ಕೈಯಲ್ಲೇ ಓಡಿ ಬಂದರು.

"ಇಳೀರಿ ಕೆಳಗ! ಮುಟ್ಟಬ್ಯಾಡ್ರಿ!"

"ಅಕ್ಕಾರ, ನೀವೇ ಕರ್ದೀರಲ್ರಿ?"

"ಕರ್ದವರು ಅವರು. ನನ್ನ ಯಾರು ಕೇಳ್ಯಾರ? ಅದರಾಗ ಗುಬ್ಬಿ ಗೂಡು ಕಟ್ಟ್ಯಾದ. ನಾಕು ತತ್ತಿ ಅವ."

ಕಂಡಕ್ಟರ್ ಮೆಲ್ಲಗೆ, "ಇವತ್ತು ಫೈನಲ್ ಅದ ಮಾರಾಯ್ತಿ" ಅಂದರು.

"ಫೈನಲ್ ಮುಂದಿನ ವರ್ಷ ಮತ್ತ ಬರ್ತದ. ಈ ತತ್ತಿ ಬರ್ತಾವೇನು?"

ಕಂಡಕ್ಟರ್ ನನ್ನ ಮುಖ ನೋಡಿದರು. ವೈರಿನ ಮೇಲೆ ಕೂತಿದ್ದ ಗುಬ್ಬಿ ನಮ್ಮಿಬ್ಬರನ್ನೂ ನೋಡಿತು. "ಹೋಗ್ಲಿ ಬಿಡ್ರಿ," ಅಂದರು ಅವರು, "ಮೂವತ್ತು ವರ್ಷ ಬಸ್ಸಿನ್ಯಾಗ ಬಸುರಿ ಹೆಣ್ಮಕ್ಕಳಿಗಿ ಸೀಟು ಬಿಡಿಸಿ ಕೊಟ್ಟೀನಿ. ಇದಕ್ಕ ಎಬ್ಬಸ್ಲೇನು?" ನಾನು ನಿಚ್ಚಣಿಕೆ ಮಡಚಿದೆ.

ಕೆಲಸ ಆಗಲಿಲ್ಲವಾದರೆ ಕಾರಣ ಬರೆದು ಆಫೀಸಿಗೆ ಕಳಿಸಬೇಕು. ನಾನು ಬರೆದೆ: "ಬಾಣಂತನ. ಇಪ್ಪತ್ತು ದಿನ ಬಿಟ್ಟು ಹೋಗಬೇಕು."

ಸಂಜೆ ಮ್ಯಾನೇಜರ್ ಫೋನು ಮಾಡಿದರು. "ಏನಾತಪಾ ಅವರ ಮನ್ಯಾಗ, ಗಂಡೋ ಹೆಣ್ಣೋ?"

"ಇನ್ನೂ ಹೊರಗ ಬಂದಿಲ್ರಿ ಸರ್. ನಾಕು ಅವ."

ಆ ಕಡೆ ಕುರ್ಚಿ ಹಿಂದಕ್ಕೆ ಸರಿದ ಸದ್ದು. ಆಮೇಲೆ, "ಶಿವನೇ, ನಾಕಾ! ನೆಟ್ ಹಾಳಾಗಿ ಹೋಗ್ಲಿ. ಮೊದಲು ಆ ತಾಯಿಗಿ ದೊಡ್ಡ ದವಾಖಾನಿಗಿ ಕರ್ಕೊಂಡ್ ಹೋಗಂತ ಹೇಳು!"

೩. ಹೊಳಿ ಬಂದದ

ಮಳೆಗಾಲ. ಭೀಮಾ ಹೊಳೆ ತುಂಬಿ ಹರಿಯುತ್ತಿತ್ತು. ಶಹಾಪುರದ ಒಂದು ಮನೆಯಲ್ಲಿ ಮೊಮ್ಮಗಳು ಕಂಪ್ಯೂಟರಿನಲ್ಲಿ ಸ್ವಾಮಿಗಳೊಬ್ಬರ ಪ್ರವಚನ ಹಚ್ಚಿ ಕೊಡುತ್ತಾಳೆ, ಅಜ್ಜಿ ಮುಂದೆ ಕೂತು ಕೈ ಮುಗಿದು ಕೇಳುತ್ತಾಳೆ. ಅವತ್ತು ಪ್ರವಚನ ಅರ್ಧಕ್ಕೇ ನಿಂತಿತ್ತು. ನಾನು ಹೋಗಿ ನೋಡುತ್ತಿದ್ದೆ.

"ತಮ್ಮಾ, ಈ ನೆಟ್ಟು ಎಲ್ಲಿಂದ ಬರ್ತದ?" ಅಂತ ಅಜ್ಜಿ ಕೇಳಿದಳು.

"ಯಾದಗಿರಿಲಿಂದ ಬರ್ತದ ಆಯಿ."

"ಅಂದ್ರ ಹೊಳಿ ದಾಟಿ ಬರ್ಬೇಕು?"

"ಹೌದು. ಬ್ರಿಜ್ ಬಾಜೂಕ ವೈರ್ ಹಾಕೀವಿ."

ಅಜ್ಜಿ ಕಿಟಕಿಯಾಚೆ ಮಳೆ ನೋಡಿದಳು. ಆಮೇಲೆ ನನ್ನ ಕೈ ಹಿಡಿದು ಕೆಲಸ ನಿಲ್ಲಿಸಿದಳು. "ಹಂಗಾದ್ರ ಅವಸರ ಮಾಡಬ್ಯಾಡ ನನ ಕಂದಾ. ಹೊಳಿ ಇಳೀಲಿ. ನನ್ನ ಸಲುವಾಗಿ ಇಂಥಾದ್ರಾಗ ಬಂದು, ಪಾಪ, ಸ್ವಾಮ್ಯಾರು ಕೊಚ್ಚಿಕೊಂಡ್ ಹೋದ್ರ ಯಾರು ಜಿಮ್ಮೇದಾರ?"

೪. ಮೂರು ಒಡಪು

ಇದು ಸೈದಾಪುರದ ಕಡೆಯದು. ಗಂಡ ಅಲ್ಲೇ ಹತ್ತಿರದ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾನೆ. ಒಳಗೆ ಹೋಗುವಾಗ ಫೋನು ಗೇಟಿನಲ್ಲೇ ಇಟ್ಟು ಹೋಗಬೇಕು. ಮನೆಯಲ್ಲಿ ಹೆಂಡತಿ, ಅತ್ತೆ, ಇಬ್ಬರೇ. ಆ ಊರಿಗೆ ಬಂದು ತಿಂಗಳಾಗಿತ್ತು ಅಷ್ಟೇ. ಹೆಂಡತಿ ಅಂಗನವಾಡಿ ಕೆಲಸಕ್ಕೆ ಅರ್ಜಿ ಹಾಕಬೇಕು, ಅವತ್ತು ಸಂಜೆ ಐದಕ್ಕೆ ಕೊನೆ. ಗಂಡನೇ ಕಂಪ್ಯೂಟರು ತೆರೆದು ಎಲ್ಲಾ ತುಂಬಿಸಿಟ್ಟು, "ಒಂದ್ ಗುಂಡಿ ಒತ್ತಿದ್ರ ಆತು" ಅಂತ ಹೇಳಿ ಹೋಗಿದ್ದ. ಗುಂಡಿ ಒತ್ತುವ ಹೊತ್ತಿಗೆ ಕರೆಂಟು ಹೋಯಿತು. ಕರೆಂಟು ಬಂತು, ನೆಟ್ ಬರಲಿಲ್ಲ. ನಾನು ಹೋದಾಗ ಮೂರು ಗಂಟೆ. ಹೆಣ್ಣುಮಗಳ ಕಣ್ಣಲ್ಲಿ ನೀರು ತುಂಬಿತ್ತು.

ಡಬ್ಬಿ ಸರಿ ಇತ್ತು. ದೋಷ ಕಂಪ್ಯೂಟರಿನಲ್ಲೇ ಇರಬೇಕು. ಅದನ್ನು ತೆರೆಯಲು ಪಾಸ್‌ವರ್ಡ್ ಬೇಕು.

"ಪಾಸ್‌ವರ್ಡ್ ಏನ್ರಿ ತಂಗಿ?"

ಆಕೆ ಸೆರಗು ಸರಿ ಮಾಡಿಕೊಂಡಳು. "ಗೊತ್ತದ್ರಿ. ಆದ್ರ ಹೇಳಾಕ ಬರಂಗಿಲ್ಲ."

"ಯಾಕ್ರಿ?"

"ಅವರ ಹೆಸರು ಅದರಿ."

ಗಂಡನ ಹೆಸರು ಬಾಯಲ್ಲಿ ಹೇಳಬಾರದು, ಆಯಿತು. "ಬರದು ಕೊಡ್ರಿ, ಇಲ್ಲಾ ನೀವೇ ಒತ್ರಿ" ಅಂದೆ.

"ಬರದ್ರೇನು, ಒತ್ತಿದ್ರೇನು, ಹೇಳಿದ್ರೇನು, ಎಲ್ಲಾ ಒಂದೇ ಅಲ್ಲೇನ್ರಿ?"

"ಅವರ ಆಧಾರ್ ಕಾರ್ಡರ ತೋರಸ್ರಿ."

"ಅದರಾಗ ಸಾಲ್ಯಾಗ ಮಾಸ್ತರು ಬರ್ಕೊಂಡ ಹೆಸರು ಅದ. ಇದು ಮನಿ ಹೆಸರು."

ನನಗೆ ಥಟ್ಟನೆ ದಾರಿ ಹೊಳೆಯಿತು. ಮೂಲೆಯಲ್ಲಿ ಕೂತಿದ್ದ ಅತ್ತೆಯ ಕಡೆ ತಿರುಗಿದೆ. ಹೆತ್ತ ತಾಯಿಗೆ ಮಗನ ಹೆಸರು ಹೇಳಲು ಏನು ಅಡ್ಡಿ? "ಆಯಿ, ನಿಮ್ಮ ಮಗನ ಮನಿ ಹೆಸರು ಏನ್ರಿ?"

ಅತ್ತೆಯೂ ಸೆರಗು ಸರಿ ಮಾಡಿಕೊಂಡಳು! "ಅದು ನಮ್ಮ ಮಾವನ ಹೆಸರು ತಮ್ಮಾ. ಅವರ ಹೆಸರೇ ಇವನಿಗಿ ಇಟ್ಟೀವಿ. ಹುಟ್ಟಿದಾಗಿಂದ ನಾನು 'ಅಪ್ಪಾ' ಅಂತೀನಿ, ಹೆಸರು ಹಿಡಿದು ಕರ್ದಿಲ್ಲ."

ಗಡಿಯಾರ ಮೂರೂವರೆ ಅಂದಿತು. ಕಡೆಗೆ ಅತ್ತೆಯೇ ಸೊಸೆಯ ಬೆನ್ನ ಮೇಲೆ ಕೈ ಇಟ್ಟು, "ಮದುವ್ಯಾಗ ಹೇಳಿದಂಗ ಒಡಪು ಹಾಕಿ ಹೇಳು. ಹಾಡಿನ್ಯಾಗ ಹೇಳಿದ್ರ ದೋಷ ಇಲ್ಲ" ಅಂದಳು.

ಸೊಸೆ ತಲೆ ತುಂಬ ಸೆರಗು ಹೊದ್ದು ಎದ್ದು ನಿಂತಳು. ನಾಚಿಕೆಗೆ ಗೋಡೆ ಕಡೆ ಮುಖ ಮಾಡಿದಳು.

"ಸಜ್ಜಿ ರೊಟ್ಟಿಗಿ ಎಳ್ಳು ಹಚ್ಚೀನಿ, ಹತ್ತಿ ಹೊಲದಾಗ ಬುತ್ತಿ ಬಿಚ್ಚೀನಿ, ಉಪ್ಪು ಮರೆತ್ರೂ ಉಂಡು ನಗೋ..." ಅಂದವಳು ಕೊನೆಗೆ ಹೆಸರನ್ನು ಎಷ್ಟು ಮೆಲ್ಲಗೆ ನುಂಗಿದಳೆಂದರೆ ನನಗೆ ಬರೀ ಗಾಳಿ ಕೇಳಿಸಿತು.

"ಕೇಳಲಿಲ್ರಿ ತಂಗಿ. ಇನ್ನೊಮ್ಮೆ ಹೇಳ್ರಿ."

"ಇನ್ನೊಮ್ಮೆ ಹೇಳಾಕ ಇನ್ನೊಂದು ಒಡಪು ಬೇಕಲ್ರಿ!"

ಅತ್ತೆ ಸೊಸೆ ಇಬ್ಬರೂ ತಲೆಗೆ ತಲೆ ಹಚ್ಚಿ ಕೂತು ಇನ್ನೊಂದು ಕಟ್ಟಿದರು. ಅದರಲ್ಲಿ ಮಲ್ಲಿಗೆ ಇತ್ತು, ಭೀಮಾ ಹೊಳೆ ಇತ್ತು. ಈ ಸಲ ಹೆಸರು ಕೇಳಿಸಿತು, ಒತ್ತಿದೆ. ತಪ್ಪು ಅಂದಿತು ಕಂಪ್ಯೂಟರು. ಕಡೆಯ ಅಕ್ಷರ 'ಪ್ಪ'ನೋ 'ಣ್ಣ'ನೋ ಅನುಮಾನ ಬಂತು. ಕೇಳಲು ನನಗೇ ಸಂಕೋಚ. ಅಷ್ಟರಲ್ಲಿ ಆಕೆಗೆ ಹುರುಪು ಬಂದಿತ್ತು. ನಾನು ಬಾಯಿ ತೆರೆಯುವ ಮೊದಲೇ ನನ್ನ ಕಡೆ ತಿರುಗಿ, ಮೂರನೆಯ ಒಡಪನ್ನು ಬಾಗಿಲ ಹೊರಗೆ ಹೋಗುವವರಿಗೂ ಕೇಳುವಂತೆ ಹೇಳಿದಳು. ಕಂಪ್ಯೂಟರು ತೆರೆಯಿತು. ಒಳಗಿನ ದೋಷ ನಾಲ್ಕೇ ನಿಮಿಷದ್ದು. ನಾಲ್ಕೂಕಾಲಿಗೆ ಅರ್ಜಿ ಹೋಯಿತು. ಅತ್ತೆ ನನ್ನ ಕೈಯಲ್ಲಿ ಸಕ್ಕರೆ ಹಾಕಿದಳು.

ಆ ಹೆಸರೇನು ಅಂತ ನೀವು ಕೇಳಬಾರದು. ಇನ್ನೊಬ್ಬರ ಪಾಸ್‌ವರ್ಡ್ ನಾನು ಹೇಳುವುದಿಲ್ಲ.

ಸಂಜೆ ಆರಕ್ಕೆ ಗಂಡನ ಫೋನು ಬಂತು. ಫ್ಯಾಕ್ಟರಿಯಿಂದ ಆಗಲೇ ಮನೆ ಮುಟ್ಟಿದ್ದ. "ಭಾಳ ಉಪಕಾರ ಆತ್ರಿ" ಅಂದ. ಆಮೇಲೆ ದನಿ ತಗ್ಗಿಸಿದ. "ಒಂದ್ ಮಾತು ಕೇಳ್ಲೇನ್ರಿ? ಮದುವಿ ದಿನ ಒಮ್ಮೆ ನನ್ನ ಹೆಸರು ಹೇಳಿದ್ದಳ್ರಿ. ಹನ್ನೆರಡು ವರ್ಷ ಆತು, ಮತ್ತ ಹೇಳಿಲ್ಲ. ಇವತ್ತು ಮೂರು ಸಲ ಹೇಳಿದಳಂತ, ನಾನೇ ಮನ್ಯಾಗ ಇಲ್ಲ."

"ಹೌದ್ರಿ, ಚಲೋ ಹೇಳಿದ್ರು."

"ಅಲ್ರಿ, ಮತ್ತ... ಆಯ್ತವಾರ ನನಗ ಸುಟ್ಟಿ, ಮನ್ಯಾಗೇ ಇರ್ತೀನಿ. ಅವತ್ತೊಮ್ಮೆ ಬಂದು ನೆಟ್ ಕೆಡಿಸಿ ಹೋಗಾಕ ಬರ್ತದೇನ್ರಿ?"