ಬಿಜಾಪುರಕ್ಕೆ ಒಬ್ಬನೇ

ಕೊಡಗಿನಲ್ಲಿ ರೈಲಿಲ್ಲ. ಹಾಗಾಗಿ ಕೊಡಗಿನವನೊಬ್ಬ ರೈಲು ಹತ್ತಿದನೆಂದರೆ ಏನಾದರೊಂದು ಆಗಿಯೇ ತೀರುತ್ತದೆ. ನನಗೂ ಆಗಿದೆ. ಆದರೆ ಅದರಲ್ಲಿ ನನ್ನ ತಪ್ಪೇನಾದರೂ ಇತ್ತೆಂದು ನಾನು ಇವತ್ತಿಗೂ ಒಪ್ಪುವುದಿಲ್ಲ.

ಆಗ ನಾನು ಮೂರ್ನಾಡಿನಲ್ಲಿ ಮೇಷ್ಟ್ರು, ಮನೆ ಗಾಳಿಬೀಡಿನ ಕಡೆ. ಕೊಡಗು ಆಗಷ್ಟೇ ಮೈಸೂರು ರಾಜ್ಯಕ್ಕೆ ಸೇರಿತ್ತು, ಬಿಜಾಪುರವೂ ಸೇರಿತ್ತು. ಗೋಡೆಯ ನಕ್ಷೆಗೆ ಕೋಲು ತಾಗಿಸಿ, "ಇದೂ ಈಗ ನಮ್ಮದೇ" ಎಂದು ಮಕ್ಕಳಿಗೆ ಹೇಳುತ್ತಿದ್ದೆ. ನಮ್ಮದಾದದ್ದನ್ನು ನೋಡದೆ ಇರುವುದು ಹೇಗೆ?

ಇನ್ನೊಂದು ಕಾರಣವೂ ಇತ್ತು. ಸೋದರಮಾವನ ಮಗಳನ್ನು ನನಗೆ ತರುವುದೆಂದು ಮನೆಯಲ್ಲಿ ಮಾತು ನಡೆದಿತ್ತು. ಅವಳಿಗೆ ಒಪ್ಪಿಗೆ, ನನಗಂತೂ ನಿದ್ದೆಯಲ್ಲೂ ಒಪ್ಪಿಗೆ. ಮಾವ ಮಾತ್ರ ಬಿಗಿ ಹಿಡಿದಿದ್ದರು.

"ಅವ್ವನ ಸೆರಗು ಬಿಟ್ಟು ಎಲ್ಲಿಗೂ ಹೋದವನಲ್ಲ ನೀನು," ಎಂದರು ಒಂದು ದಿನ, ಅಂಗಳದಲ್ಲಿ ಕಾಫಿ ಹರಡುತ್ತಾ. "ದೂರದ ಊರಿಗೆ ಒಬ್ಬನೇ ಹೋಗಿ ಬಾ. ಆಮೇಲೆ ಮದುವೆ ಮಾತು."

"ಬಿಜಾಪುರ ಆದೀತಾ ಮಾವ?"

"ಅದೆಲ್ಲಿ ಉಟ್ಟು?" ಎಲ್ಲಿದೆ ಎನ್ನುವುದಕ್ಕೆ ನಮ್ಮ ಕಡೆಯ ಮಾತು ಅದು.

"ನಮ್ಮ ರಾಜ್ಯದಲ್ಲೇ."

"ಹಾಗಾದರೆ ಹತ್ತಿರವೇ ಆಯ್ತಲ್ಲ," ಎಂದರು ಮಾವ. ಅವರು ಮೈಸೂರನ್ನೂ ನೋಡಿದವರಲ್ಲ.

ಗುಮ್ಮಟದ ಹತ್ತಿರ ಇಳಿಸಿ

ಬೇಸಿಗೆ ರಜೆ ಬಂದದ್ದೇ ಹೊರಟೆ. ಮೈಸೂರು, ಹುಬ್ಬಳ್ಳಿ, ಗದಗು, ಅಲ್ಲಿಂದ ಇನ್ನೊಂದು ಗಾಡಿ, ಎಲ್ಲವೂ ಮೂರನೇ ದರ್ಜೆಯಲ್ಲಿ. ನಮ್ಮ ನಾಪೋಕ್ಲು ಬಸ್ಸು ಹೇಗೆಂದರೆ, ತೋಟದ ಗೇಟು ಗೇಟಿಗೆ ನಿಲ್ಲುತ್ತದೆ. ಯಾರಾದರೂ ಕೋಳಿ ಹಿಡಿದು ಗದ್ದೆಯಾಚೆಯಿಂದ ಓಡಿ ಬರುತ್ತಿದ್ದರೆ ಡ್ರೈವರ್ ಬೀಡಿ ಹಚ್ಚಿಕೊಂಡು ಕಾಯುತ್ತಾನೆ. ಆ ಅಭ್ಯಾಸದಲ್ಲಿ ಬೆಳೆದವನು ನಾನು. ಬಿಜಾಪುರ ಹತ್ತಿರವಾದಾಗ ಕಿಟಕಿಯಲ್ಲಿ ಗೋಲಗುಮ್ಮಟ ಕಂಡಿತು. ಸ್ಟೇಷನ್ನಿಗೆ ಹೋಗಿ, ಅಲ್ಲಿಂದ ಟಾಂಗಾ ಹಿಡಿದು ಮತ್ತೆ ಯಾಕೆ ಹಿಂದೆ ಬರಬೇಕು ಅನ್ನಿಸಿತು. ಟಿಕೆಟು ನೋಡಲು ಬಂದವರಿಗೆ ಮರ್ಯಾದೆಯಿಂದಲೇ ಹೇಳಿದೆ.

"ಸ್ವಾಮಿ, ಆ ಗುಮ್ಮಟದ ಹತ್ತಿರ ಸ್ವಲ್ಪ ನಿಲ್ಲಿಸಿ. ನಾನು ಅಲ್ಲಿಗೇ ಹೋಗುವವನು."

ಅವರು ನನ್ನನ್ನು, ನನ್ನ ಕೊಡೆಯನ್ನು, ಮತ್ತೆ ನನ್ನನ್ನು ನೋಡಿದರು.

"ಗುಮ್ಮಟದ ಒಳಗ ಬಿಡಬೇಕೇನ್ರಿ, ಹೊರಗ ಬಿಟ್ರ ನಡೀತದೋ?"

"ಹೊರಗೆ ಸಾಕು," ಎಂದೆ ನಾನು.

ರಕ್ತ ಕುಡಿಯುವ ಹುಳ

ಇಳಿದುಕೊಂಡದ್ದು ಒಂದು ಧರ್ಮಶಾಲೆಯಲ್ಲಿ. ಹಗಲೆಲ್ಲ ಕೋಟೆ, ಮಸೀದಿ, ತೋಪು ಎಂದು ಬಿಸಿಲಲ್ಲಿ ಸುತ್ತಿ, ಸಂಜೆ ಜಗಲಿಯಲ್ಲಿ ಕೂತು ಪಂಚೆ ಮೇಲೆತ್ತಿ ಬೆರಳು ಸಂದಿ, ಹಿಮ್ಮಡಿ, ಮೊಣಕಾಲಿನ ಹಿಂದೆ ಎಲ್ಲ ತಡಕಿ ನೋಡುತ್ತಿದ್ದೆ. ಪಕ್ಕದಲ್ಲಿ ಉಪ್ಪಿನ ಗಂಟು. ಧರ್ಮಶಾಲೆ ನೋಡಿಕೊಳ್ಳುವ ಮುದುಕರು ಮೊದಲ ದಿನ ದೂರದಿಂದ ನೋಡಿ ಹೋದರು. ಮರುದಿನ ತಡೆಯಲಾರದೆ ಕೇಳಿದರು.

"ಕಾಲಾಗ ಏನ್ ಹುಡುಕ್ತೀರಿ ಮಾಸ್ತರ?"

"ಇಂಬಳ. ಗೊತ್ತಿಲ್ಲದ ಹಾಗೆ ಹತ್ತಿ ರಕ್ತ ಕುಡಿಯುವ ಹುಳ. ನಮ್ಮ ಕಡೆ ಹೊರಗೆ ಹೋಗಿ ಬಂದ ಮೇಲೆ ನೋಡಿಕೊಳ್ಳದೆ ಒಳಗೆ ಕಾಲಿಡುವುದಿಲ್ಲ."

ಮುದುಕರು ಬಿರಿದ ನೆಲವನ್ನೊಮ್ಮೆ, ಬತ್ತಿದ ಬಾವಿಯನ್ನೊಮ್ಮೆ ನೋಡಿದರು.

"ಇಲ್ಲಿ ನಮಗ ಕುಡಿಯಾಕ ನೀರಿಲ್ರಿ," ಎಂದರು. "ನಿಮ್ಮ ರಕ್ತಾ ಕುಡಿಯಾಕ ಯಾವ ಹುಳಾ ಬದುಕಿರ್ತೈತ್ರಿ?"

ಬರೀ ಬಿಸಿನೀರು

ಆ ಊರಲ್ಲಿ ಎಲ್ಲೆಲ್ಲೂ ಚಹಾ. ಕಾಫಿ ಬೆಳೆಯುವ ಮನೆಯವನು ನಾನು, ಬೆಳಿಗ್ಗೆ ಬೆಲ್ಲದ ಕಾಫಿ ಇಲ್ಲದೆ ಕಣ್ಣು ತೆರೆಯುವುದಿಲ್ಲ. ಒಂದು ಖಾನಾವಳಿಗೆ ಹೋಗಿ ಬಿಸಿನೀರು ಮಾತ್ರ ಕೇಳಿದೆ. ಚೀಲದಿಂದ ಕಾಫಿಪುಡಿಯ ಡಬ್ಬಿ, ಬೆಲ್ಲ, ಸೋಸುವ ಬಟ್ಟೆ, ಕೊನೆಗೆ ಲೋಟವನ್ನೂ ತೆಗೆದು ಮೇಜಿನ ಮೇಲಿಟ್ಟೆ. ಮಾಲೀಕರು ಎಲ್ಲವನ್ನೂ ಕೈಕಟ್ಟಿ ನೋಡಿದರು. ಕುಡಿದಾದ ಮೇಲೆ ನೀರಿಗೆ ಎಷ್ಟು ಕೊಡಬೇಕೆಂದು ಕೇಳಿದೆ.

"ಏನೂ ಬ್ಯಾಡ್ರಿ," ಎಂದರು. "ನಾಳೆ ಬರೂ ಮುಂದ ಕಟ್ಟಗೀನೂ ತರ್ರಿ. ಒಲಿ ಅಷ್ಟ ನಂದಿರ್ಲಿ."

ಕೂಗಿಗೆ ಓ

ಹೊರಡುವ ದಿನಕ್ಕೆಂದು ಗುಮ್ಮಟದ ಮೇಲಿನ ಮೊಗಸಾಲೆಯನ್ನು ಉಳಿಸಿಕೊಂಡಿದ್ದೆ. ಇಕ್ಕಟ್ಟಾದ ಮೆಟ್ಟಿಲು ಹತ್ತಿ ಹೋದರೆ ಒಳಗಡೆ ದುಂಡಗೆ ಓಡಾಡುವ ಜಾಗ. ಅಲ್ಲಿ ಕೆಮ್ಮಿದರೆ ಕೆಮ್ಮು ಮತ್ತೆ ಮತ್ತೆ ತಿರುಗಿ ಬರುತ್ತದೆ, ಪಿಸುಗುಟ್ಟಿದರೆ ಆಚೆ ಬದಿಯವನ ಕಿವಿಗೆ ಬೀಳುತ್ತದೆ. ಜನ ಚಪ್ಪಾಳೆ ತಟ್ಟುತ್ತಿದ್ದರು. ಕಾವಲಿನವನು ನನಗೆ, "ನೀವೂ ಒಂದು ಕೂಗು ಹಾಕ್ರಿ," ಎಂದ.

ಒಬ್ಬನೇ ಬಂದು ಗೆದ್ದೆನೆಂದು ಎದೆ ಉಬ್ಬಿತ್ತು ನಿಜ. ಆದರೆ ನಮ್ಮ ಕಡೆಯ ಮಾತು ಕಿವಿಗೆ ಬಿದ್ದು ಬಹಳ ದಿನವಾಗಿತ್ತು, ಮನೆಯ ನೆನಪಾಯಿತು. ನಮ್ಮ ಕಾಡಿನಲ್ಲಿ ಜೊತೆಗಾರ ಕಾಣದಾದರೆ ಉದ್ದಕ್ಕೆ ಒಂದು 'ಕೂ' ಹಾಕುತ್ತೇವೆ. ಕೇಳಿದವನು ಗಿಡ್ಡಗೆ ಎರಡು ಸಲ 'ಕೂ, ಕೂ' ಎನ್ನಬೇಕು. ಇದ್ದೇನೆ, ಹೆದರಬೇಡ ಎಂದು ಅದರ ಅರ್ಥ. ಓಗೊಡದಿದ್ದರೆ ಏನೋ ಅನಾಹುತವಾಗಿದೆ ಎಂದೇ ಲೆಕ್ಕ. ನಾನು ಕಣ್ಣು ಮುಚ್ಚಿ ಉದ್ದದ ಒಂದು ಕೂ ಹಾಕಿದೆ.

ಗುಮ್ಮಟ ಅದನ್ನು ತಿರುತಿರುಗಿಸಿ ಹೇಳಿ ಸುಮ್ಮನಾಯಿತು. ಆಮೇಲೆ ಆಚೆ ಬದಿಯಿಂದ ಗಿಡ್ಡಗೆ ಎರಡು ಬಂದವು.

ಕಣ್ಣು ಬಿಟ್ಟೆ. ತಲೆಗೆ ದೊಡ್ಡ ರುಮಾಲು ಸುತ್ತಿದ ಒಬ್ಬರು ಗೋಡೆಗೆ ಮುಖ ಮಾಡಿ ನಿಂತಿದ್ದರು. ಬೆನ್ನು ನೋಡಿದರೇ ಗೊತ್ತಾಯಿತು.

"ಮಾವ, ನೀವು ಇಲ್ಲಿ?"

"ಮೆಲ್ಲಗೆ ಮಾತಾಡು," ಎಂದು ಅಲ್ಲಿಂದಲೇ ಪಿಸುಗುಟ್ಟಿದರು. ಅಷ್ಟೂ ಜನಕ್ಕೆ ಕೇಳಿತು. "ನಿನ್ನ ಅವ್ವ ಊಟ ಬಿಟ್ಟು ಕೂತಳು, ಹಿಂದೆ ಹೋಗು ಅಂದಳು. ನೀನು ಹತ್ತಿದಲ್ಲಿ ಹತ್ತಿದೆ, ಇಳಿದಲ್ಲಿ ಇಳಿದೆ."

"ಅಷ್ಟು ದೂರ ಅಡಗಿ ಬಂದವರು ಈಗ ಯಾಕೆ ಓಗೊಟ್ಟಿರಿ?"

"ಕೂಗಿದರೆ ಓಗೊಡದೆ ಇರಲು ನಾನೇನು ಸತ್ತಿದ್ದೇನಾ?"

ನನ್ನ ಧೈರ್ಯವೆಲ್ಲ ಇಳಿದುಹೋಯಿತು. "ಹಾಗಾದರೆ ನಾನು ಒಬ್ಬನೇ ಬಂದ ಹಾಗಾಗಲಿಲ್ಲ. ಮದುವೆಯ ಕಥೆ ಏನು ಮಾವ?" ಎಂದೆ. ಅದನ್ನೂ ಗುಮ್ಮಟ ಎಲ್ಲರಿಗೂ ಹೇಳಿತು. ಕಾವಲಿನವನು ಮಾವನ ಕಡೆ ತಿರುಗಿದ. "ಹುಡುಗ ಚಲೋ ಅದಾನ್ರೀ, ಕೊಟ್ಟುಬಿಡ್ರಿ ಹೆಣ್ಣು." ಮೊಗಸಾಲೆಯ ಜನವೆಲ್ಲ ಮಾವನನ್ನೇ ನೋಡುತ್ತಾ ನಿಂತಿತು.

ಮಾವ ದುಂಡಗೆ ನಡೆದು ನನ್ನ ಬಳಿ ಬಂದರು. ಮದುವೆಯ ಮಾತೆತ್ತಲಿಲ್ಲ. ಕಿವಿಯ ಹತ್ತಿರ ಬಂದು ಕೇಳಿದ್ದು ಇಷ್ಟು: "ವಾಪಸ್ ಹೋಗುವ ದಾರಿ ನಿಂಗೆ ಗೊತ್ತುಟ್ಟು ಅಲ್ಲಾ? ನಂಗೆ ಗೊತ್ತಿಲ್ಲೆ."

ನಾನೇ ಟಿಕೆಟು ತೆಗೆಸಿ, ಪ್ರತಿ ಸ್ಟೇಷನ್ನಿನಲ್ಲೂ ಕೈಹಿಡಿದು ಇಳಿಸಿ, ಗಾಳಿಬೀಡಿಗೆ ಕರೆತಂದೆ. ಮುಂದಿನ ಬೇಸಿಗೆಗೆ ಮದುವೆ ಆಯಿತು. ಚಪ್ಪರದಲ್ಲಿ ಯಾರೋ ಹಿರಿಯರು, ಹುಡುಗ ನಿಜವಾಗಿ ಬಿಜಾಪುರಕ್ಕೆ ಒಬ್ಬನೇ ಹೋಗಿದ್ದನಾ ಎಂದು ಅನುಮಾನ ಎತ್ತಿದರು. ಮಾವ ಎದ್ದು ನಿಂತು ಶಲ್ಯ ಸರಿಮಾಡಿಕೊಂಡರು.

"ಒಬ್ಬನೇ ಹೋಗಿದ್ದ," ಎಂದರು. "ನಾನೇ ಕಣ್ಣಾರೆ ಕಂಡಿದ್ದೇನೆ."