ನಮ್ಮ ನೀರಿನ ಮಾಠವನ್ನು ಮಾಟವೆಂದು ಬರೆದ ಮೇಡಂ ಅವರಿಗೆ

ಮಾನ್ಯರೇ,

ಸಮಾಜಶಾಸ್ತ್ರದ ಸಂಶೋಧಕಿ ಶೈಲಶ್ರೀ ಮೇಡಂ ಅವರ ಸನ್ನಿಧಿಗೆ, ಪುಣೆಯ ಮಗರಪಟ್ಟಾದೊಳಗಿನ ಒಂದು ಎತ್ತರದ ಕಟ್ಟಡದಲ್ಲಿ ಕ್ಲಬ್‌ಹೌಸಿನ ಕೀಲಿ ಕಾಯುವ ಹೊಳಬಸಪ್ಪನ ಅನಂತ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ. ಆದರೆ ತಮ್ಮ ವರದಿ ಬಂದಮೇಲೆ ನಾನು ಏನು ಬರೆದರೆ ಏನು ಅರ್ಥ ಆಗತದೋ ಎಂಬ ಅಂಜಿಕೆಯಿಂದ ಆ ಸಾಲನ್ನು ಎರಡು ಸಲ ಬರೆದು ಎರಡು ಸಲ ಹೊಡೆದು ಹಾಕಿದ್ದೇನೆ. ನಾನು ಏಳನೇ ಇಯತ್ತೆಯ ನಡುವೆಯೇ ಸಾಲಿ ಬಿಟ್ಟವನು. ತಪ್ಪು ಕಂಡರೆ ತಿದ್ದಿಕೊಳ್ಳಬೇಕು, ದಯವಿಟ್ಟು ಅದರ ಮೇಲೆ ಅಧ್ಯಾಯ ಬರೆಯಬಾರದು.

ತಮ್ಮ ಶ್ರಮವನ್ನು ಹೊಗಳದೆ ಮುಂದೆ ಹೋದರೆ ಪಾಪ ಬಂದೀತು. ಹುಣ್ಣಿಮೆ ಸಂಜೆಗೊಮ್ಮೆ ನಮ್ಮ ಕ್ಲಬ್‌ಹೌಸಿನಲ್ಲಿ ಕೂಡುವ, ತಮ್ಮನ್ನು ತಾವೇ ಮಾಟಗಾತಿಯರೆಂದು ಕರೆದುಕೊಳ್ಳುವ ಮಂಡಳಿಯನ್ನು ಅಭ್ಯಾಸ ಮಾಡಲು ತಾವು ಎಂಟು ಹುಣ್ಣಿಮೆ ತಪ್ಪದೆ ಬಂದಿರಿ. ಆ ಆರು ಮಂದಿ ಕಂಪ್ಯೂಟರ್ ನೌಕರರು ಕರಿ ಬಟ್ಟೆ ತೊಟ್ಟು, ಮೇಣದಬತ್ತಿಯ ಸುತ್ತ ಕೂತು, ತಮ್ಮ ಮ್ಯಾನೇಜರನ ಹೆಸರು ಬರೆದ ಚೀಟಿ ಸುಡುವಾಗ, ಹೊಗೆಗೆ ಬೆಂಕಿಯ ಗಂಟೆ ಬಾರಿಸೀತೆಂದು ಹೆದರಿ ನಾನು ಕಿಟಕಿ ತೆಗೆದು ನಿಂತಿರುತ್ತಿದ್ದೆ. ತಾವು ಅದನ್ನೂ ಬಿಡದೆ ಬರೆದುಕೊಂಡಿರಿ. ಹಾಗೆ ಕಿಟಕಿ ತೆಗೆಯುವ ನಾನು ಶಕ್ತಿಯನ್ನು ಒಳಗೆ ಕರೆಯುವ ಹಿರಿಯ ಎಂಬುದು ವರದಿಯ ಮೂಲಕವೇ ನನಗೆ ತಿಳಿದದ್ದು.

ಒಂದು ಸಂಜೆ ನನ್ನನ್ನೂ ಸಂದರ್ಶನ ಮಾಡಿದಿರಿ. ಮೈಸೂರು ಕಡೆಯ ಕನ್ನಡ ಕಿವಿಗೆ ಬಿದ್ದ ಖುಷಿಗೆ ಸ್ವಲ್ಪ ಹೆಚ್ಚೇ ಮಾತಾಡಿದೆ. ನಿಮ್ಮ ಮನೆಯಲ್ಲೂ ಮಾಟ ಇದೆಯಾ ಎಂದು ತಾವು ದನಿ ತಗ್ಗಿಸಿ ಕೇಳಿದಿರಿ. ಪುಣೆಯಲ್ಲಿ ಕುಡಿಯುವ ನೀರಿನ ಮಣ್ಣಿನ ಗಡಿಗೆಗೆ ಮಾಠ ಅನ್ನುತ್ತಾರೆ. ಇಪ್ಪತ್ತೇಳು ವರ್ಷ ಇಲ್ಲಿದ್ದು, ನಮ್ಮ ಗಡಿಗಿ ಎಂಬ ಶಬ್ದ ಬಾಯಿಂದ ಎದ್ದು ಹೋಗಿ ಆ ಜಾಗಕ್ಕೆ ಮಾಠ ಬಂದು ಕೂತಿದೆ. ಹೀಗಾಗಿ "ಮಾಟ ಇಲ್ದ ಬ್ಯಾಸಿಗಿ ಹೆಂಗ್ರೀ ಕಳಿಯೂದು?" ಅಂದೆ. ನೀವೇ ಮಾಡುತ್ತೀರಾ ಅಂದಿರಿ. "ನಮಗೆಲ್ಲಿ ಬರತದ್ರಿ, ಖಂಡೋಬನ ಜೇಜುರಿಗೆ ಹೋದಾಗ ಮಾಡಿದ್ದ ತರತೀವಿ" ಅಂದೆ. ಯಾರ ಮೇಲೆ ಅಂದಿರಿ; "ಉಸುಕಿನ ಮ್ಯಾಲೆ ಕೂಡಸ್ತೀವ್ರಿ" ಅಂದೆ. ಮನೆಯವರಿಗೆ ಗೊತ್ತಾ ಅಂದಿರಿ. "ದಿನಾ ಎಲ್ಲಾರೂ ಅದರಾಗಿಂದನ ಕುಡೀತಾರಲ್ರಿ" ಅಂದೆ. ತಮ್ಮ ಪೆನ್ನು ಓಡುವುದನ್ನು ಕಂಡು ನನಗೂ ಹುರುಪು ಬಂದು, ಪ್ರತಿ ವರ್ಷ ಎರಡು ತರುತ್ತೇವೆ, ಒಂದಕ್ಕೆ ಖಂಡೋಬನ ಭಂಡಾರದ ಅರಿಷಿಣ ಹಚ್ಚಿ ಬಾಜೂ ಮನೆಯ ಇಂದೂತಾಯಿಗೆ ಕೊಡುತ್ತೇವೆ ಎಂದೂ ಹೇಳಿದೆ. ಬಡವರ ಕುಡಿಯುವ ನೀರಿನ ಬಗ್ಗೆ ಇಷ್ಟು ಕಾಳಜಿ ಮಾಡುವ ಶಾಸ್ತ್ರ ಇನ್ನೊಂದಿರಲಾರದು ಎಂದು ಅಂದು ಮನಸ್ಸು ತುಂಬಿ ಬಂದಿತ್ತು.

ತಪ್ಪಿನಲ್ಲಿ ಅರ್ಧ ನನ್ನದೇ. ನನ್ನ ನಾಲಿಗೆಗೆ ಮಹಾಪ್ರಾಣ ಹತ್ತುವುದಿಲ್ಲ. ಠ ಅನ್ನಲು ಹೋದರೆ ಟ ಬರುತ್ತದೆ. ಮಾಸ್ತರರು ಇದಕ್ಕಾಗಿ ಕೈಮೇಲೆ ಹೊಡೆದಾಗಲೂ ಒಳಗಿನ ಉಸಿರು ಹೊರಗೆ ಬರಲಿಲ್ಲ. ಆದರೆ ಆ ಒಂದು ಉಸಿರಿಗೆ ಇಷ್ಟು ದೊಡ್ಡ ದಂಡ ಬೀಳುತ್ತದೆ ಎಂದು ಅವರಾದರೂ ಬಿಡಿಸಿ ಹೇಳಿದ್ದರೆ ನಾನು ಸಾಲಿ ಬಿಡುತ್ತಿರಲಿಲ್ಲ.

ವರದಿಯನ್ನು ತಾವು ವಿಶ್ವಾಸದಿಂದ ನನ್ನ ಫೋನಿಗೇ ಕಳಿಸಿದಿರಿ. ಇಂಗ್ಲಿಷು ನನಗೆ ಓದಲು ಬಾರದು. ಪುಸ್ತಕದಲ್ಲಿ ಬಂದೆ ಎಂಬ ಹಮ್ಮಿನಲ್ಲಿ ನಾನೇ ಇಂದೂತಾಯಿಯವರ ಮನೆಗೆ ಹೋಗಿ, ಅವರನ್ನೂ ನನ್ನ ಹೆಂಡತಿ ಕಲ್ಲವ್ವನನ್ನೂ ಎದುರಿಗೆ ಕೂಡಿಸಿ, ಅವರ ಮಗಳು ಸಾಯಲಿಗೆ ಮರಾಠಿಯಲ್ಲಿ ಜೋರಾಗಿ ಓದಿ ಹೇಳು ಅಂದೆ. ಆಕೆ ಓದಿದಳು. ಈತ ಮನೆಯಲ್ಲಿ ಕರಣಿ, ಅಂದರೆ ಮರಾಠಿಯ ಮಾಟ, ಇಟ್ಟುಕೊಂಡಿರುವುದನ್ನು ನಾಚಿಕೆಯಿಲ್ಲದೆ ಒಪ್ಪಿಕೊಂಡ, ಪ್ರತಿ ವರ್ಷ ಹಳದಿ ಪುಡಿ ಹಚ್ಚಿ ನೆರೆಯವಳಿಗೂ ಮಾಡುತ್ತಾನೆ ಎಂದು ಓದುವಷ್ಟರಲ್ಲಿ ಆಕೆಯ ದನಿ ಸಣ್ಣದಾಯಿತು. ನಾನು ಗಾಬರಿಯಾಗಿ ಎದ್ದು ನಿಂತು "ಅದು ಮಾಟ ಅಲ್ರಿ ತಾಯಿ, ಮಾಟ!" ಎಂದು ಕೂಗಿದೆ. ಕಲ್ಲವ್ವ ಕುಂತಲ್ಲೇ ಹಣೆ ಹಣೆ ಬಡಿದುಕೊಂಡಳು.

ನನ್ನ ಗುರುತು ಸಿಗಬಾರದೆಂದು ತಾವು ವರದಿಯಲ್ಲಿ ರಘುರಾಮ ಎಂಬ ಹೆಸರು ಕೊಟ್ಟಿದ್ದೀರಿ. ತುಂಬಾ ಉಪಕಾರವಾಯಿತು. ನಮ್ಮ ಓಣಿಯಲ್ಲಿ ನಿಜವಾಗಿ ರಘುರಾಮ ಎಂಬುವರೊಬ್ಬರು ಇದ್ದು, ಈಗ ಅವರೂ ನನ್ನ ಕೂಡ ಮಾತು ಬಿಟ್ಟಿದ್ದಾರೆ. ಇನ್ನು ಆ ಆರು ಮಂದಿ, ಮೊದಲೇ ತಂತಮ್ಮ ಬಗೆಗಿನ ಅಧ್ಯಾಯ ತರಿಸಿ ಓದಿ, ತಿದ್ದಿಸಿ, ಸಹಿ ಹಾಕಿ ಕೊಟ್ಟವರು, ಅದರಲ್ಲಿ "ಅಂತರಂಗದ ನೆಮ್ಮದಿ ಹುಡುಕುವ ಆಸಕ್ತರು" ಆಗಿದ್ದಾರಂತೆ. ನಾವು ಮಾಟಗಾತಿಯರು ಎಂದು ಬಾಯಿಬಿಟ್ಟು ಹೇಳಿದವರು ಆಸಕ್ತರಾಗಿ, ನೀರಡಿಕೆಯಾದವನು ಮಾಂತ್ರಿಕನಾಗುವ ಈ ವಿದ್ಯೆಯ ಎದುರು ಯಾವ ಮಾಟ ನಿಂತೀತು, ಮೇಡಂ?

ನನ್ನ ಹೆಸರು ಹೋದರೆ ಹೋಗಲಿ. ಹತ್ತೊಂಬತ್ತು ವರ್ಷದಿಂದ ಕಲ್ಲವ್ವ ಮತ್ತು ಇಂದೂತಾಯಿ ಬೆಳಗಿನ ಚಹಾ ಕೂಡಿ ಕುಡಿಯದ ದಿನವಿಲ್ಲ. ಇವಳ ಹೆರಿಗೆಗೆ ರಿಕ್ಷಾ ತಂದವರೇ ಅವರು. ಈಗ ಹನ್ನೊಂದು ದಿನವಾಯಿತು, ಆ ಬಾಗಿಲು ಹಾಕಿದೆ. ವರ್ಷದಲ್ಲಿ ಅವರ ಮಿಕ್ಸರು ಎರಡು ಸಲ ಸುಟ್ಟದ್ದು, ಸಾಯಲಿಗೆ ಸಂದರ್ಶನದಲ್ಲಿ ನೌಕರಿ ತಪ್ಪಿದ್ದು, ಎಲ್ಲದರ ಲೆಕ್ಕ ಈಗ ನಮ್ಮ ಮಾಠಕ್ಕೆ ಬಂದು ನಿಂತಿದೆ. ಕಲ್ಲವ್ವ ರೂಢಿಯಂತೆ ಎರಡು ಕಪ್ ಚಹಾ ಮಾಡಿ, ಎರಡನ್ನೂ ನನಗೇ ಕುಡಿಸುತ್ತಾಳೆ. ನನಗೆ ಪಿತ್ತವಾಗುತ್ತದೆ ಎಂದು ಹೇಳುವ ಧೈರ್ಯ ನನಗಿಲ್ಲ.

ನಿನ್ನೆ ಬೆಳಿಗ್ಗೆ, ಅವರಿಗೆ ಕೊಟ್ಟಿದ್ದ ಆ ಮಾಠ ನಮ್ಮ ಹೊಸ್ತಿಲಿಗೆ ಮರಳಿ ಬಂತು, ಒಳಗೆ ಒಂದು ನಿಂಬೆಹಣ್ಣು. ನಾನು ಹಿಂದೆ ಸರಿದೆ. ಕಲ್ಲವ್ವ ಮಾತ್ರ, ಎರಡು ಮನೆಗಳ ನಡುವೆ ಇದುವರೆಗೆ ಒಂದು ಪಾತ್ರೆಯೂ ಬರಿದಾಗಿ ಮರಳಿಲ್ಲ, ಸಿಟ್ಟಿನಲ್ಲೂ ಆಕಿ ಬರಿದು ಕಳಿಸಲಿಲ್ಲ ನೋಡ್ರಿ ಎಂದು ಕಣ್ಣೊರೆಸಿಕೊಂಡಳು. ಆ ನಿಂಬೆಹಣ್ಣು ನಮ್ಮ ಕರಣಿಗೆ ಕಟ್ಟಿದ ತಡೆಯೋ, ಹಳೆಯ ಪದ್ಧತಿಯ ವಿಶ್ವಾಸವೋ, ನನಗಂತೂ ತಿಳಿಯದು. ಆದ್ದರಿಂದ ತಾವು ಕೂಡಲೇ ಬಂದು, ಜನರ ನಡುವೆ ಕೂತು ಕಾಣುವ ತಮ್ಮ ಪದ್ಧತಿಯಂತೆ ನಮ್ಮಿಬ್ಬರ ಬಾಗಿಲ ನಡುವೆ ಎಂಟು ಹುಣ್ಣಿಮೆ ಕೂತು ಪರೀಕ್ಷಿಸಬೇಕೆಂದೂ, ಇಂದೂತಾಯಿಯವರ ಎದುರಿಗೇ ಆ ಮಾಠದ ನೀರು ಒಂದು ತಂಬಿಗೆ ಕುಡಿದು ತೋರಿಸಬೇಕೆಂದೂ, ಎರಡನೆಯ ಮುದ್ರಣದಲ್ಲಿ ನನ್ನ ಪಾಲಿನ ಉಸಿರನ್ನು ತಾವೇ ಬಿಟ್ಟು, ಟ ಇದ್ದಲ್ಲೆಲ್ಲ ಠ ಮಾಡಿಸಬೇಕೆಂದೂ ಕೈಮುಗಿದು ಬೇಡುತ್ತೇನೆ.

ತಮ್ಮ ವಿಶ್ವಾಸಿ, ಮತ್ತು ತಮ್ಮ ವರದಿಯ ಪ್ರಕಾರ ಹಿರಿಯ ಮಾಂತ್ರಿಕ,
ಹೊಳಬಸಪ್ಪ

ತಾ.ಕ.: ಪತ್ರ ಮಡಚುವಷ್ಟರಲ್ಲಿ ಒಂದು ಸುದ್ದಿ. ಕಲ್ಲವ್ವ ಆ ನಿಂಬೆಹಣ್ಣಿನ ಶರಬತ್ತು ಮಾಡಿ, ನನ್ನ ಮಾತು ಕೇಳದೆ, ಒಂದು ಲೋಟ ಇಂದೂತಾಯಿಯವರ ಬಾಗಿಲಿಗೆ ಇಟ್ಟು ಬಂದಿದ್ದಳು. ಲೋಟ ಈಗ ಮರಳಿ ಬಂದಿದೆ. ಒಳಗೆ ಲೋಣಾವಳಾದ ಚಿಕ್ಕಿ ಎರಡು ತುಂಡು. ಹಿಂದೆಯೇ ಇಂದೂತಾಯಿಯವರೂ ಬಂದು, ಮಾಠವನ್ನು ಕಂಕುಳಲ್ಲಿ ಎತ್ತಿಕೊಂಡು, ನನ್ನ ಮುಖ ನೋಡದೆ ಹೋದರು. ಆದಕಾರಣ ತಾವು ಅವಸರಪಟ್ಟು ಬರಬೇಕಾಗಿಲ್ಲ. ಬಂದರೂ ನೀರಿನ ಬಾಟಲಿ ತಾವೇ ತರಬೇಕು. ನಮ್ಮಲ್ಲಿ ಇರುವುದೇ ಎರಡು ಮಾಟ, ಎರಡಕ್ಕೂ ಕುಡಿಯುವವರಿದ್ದಾರೆ.